ಎಪ್ಪತ್ತು ರೂಪಾಯಿಯ ಚಾಕು

ಚಿನ್ನದ ಕತ್ತಿಯೆಂದು ಕುತ್ತಿಗೆ ಕೊಯ್ದುಕೊಳ್ಳಲಾದೀತೆ ಎಂದು ಹಿರಿಯರು ಕೇಳುತ್ತಿದ್ದರು. ಚಿನ್ನದ ಮಾತು ಹಾಗಿರಲಿ. ಬೆಳ್ಳಿಯಂತೆ ಹೊಳೆಯುತ್ತಿದ್ದ ಒಂದು ಅಗ್ಗದ ಚಾಕುವಿನಿಂದ ನಮ್ಮ ತಾಯಿಯವರು ಹೆಬ್ಬೆರಳನ್ನು ಕೊಯ್ದುಕೊಂಡ ಮೇಲೆ ಆ ಗಾದೆಯ ಅರ್ಥ ನನಗೆ ಚೆನ್ನಾಗಿ ಮನದಟ್ಟಾಯಿತು.

ನಮ್ಮ ವಾಸ ಇಲವಾಲದಲ್ಲಿ. ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಸಮ್ಮುಖದಲ್ಲಿ ಗ್ರಾಮದಾನ ಪರಿಷತ್ತು ಸೇರಿದ್ದುದು ಇಲ್ಲಿಯೇ. ತಾಯಿಯವರಿಗೆ ಈಗ ಎಪ್ಪತ್ತು ದಾಟಿದೆ. ಐವತ್ತು ವರ್ಷ ಈಳಿಗೆಮಣೆಯ ಮೇಲೆ ಕುಳಿತು ತರಕಾರಿ ಹೆಚ್ಚಿದ ಕೈ ಅವರದು. ಮೊಣಕಾಲಿನ ನೋವು ಹೆಚ್ಚಿ ನೆಲದ ಮೇಲೆ ಕೂರಲಾರದಂತಾದಾಗ, ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಚಾಕುವಿನಿಂದ ಹೆಚ್ಚುವುದನ್ನು ಹೊಸದಾಗಿ ಅಭ್ಯಾಸಮಾಡಿಕೊಂಡರು. ಬೇಡವೆಂದರೆ ಕೇಳುವವರಲ್ಲ. “ಹುರುಳಿಕಾಯಿ ಹೆಚ್ಚಿಕೊಡುವುದೂ ಬೇಡವೆಂದರೆ ಈ ಮನೆಯಲ್ಲಿ ನಾನೇನು ನೆಂಟಳೇನಪ್ಪಾ?” ಎಂಬುದು ಅವರ ವಾದ.

ಅವರಿಗೆಂದು ನಾನು ರಸ್ತೆಯ ಬದಿಯ ಅಂಗಡಿಯೊಂದರಲ್ಲಿ ನೂರು ರೂಪಾಯಿಗೆ ಮೂರು ಚಾಕುಗಳನ್ನು ಕೊಂಡುತಂದೆ. ಅಲಗಿನಲ್ಲಿ ಮುಖ ಕಾಣುವಷ್ಟು ಹೊಳಪು! ತಯಾರಕರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಮೊದಲ ವಾರ ಎಲ್ಲವೂ ಸೊಗಸು. ಮೂರನೆಯ ವಾರಕ್ಕೆ ಟೊಮೆಟೊ ಹಣ್ಣು ಹೋಳಾಗುವುದಕ್ಕೆ ಬದಲು ಹಿಚುಕಿಹೋಗತೊಡಗಿತು. “ಏನಪ್ಪಾ, ಇದು ಚಾಕುವೋ ಚಮಚವೋ?” ಎಂದು ತಾಯಿಯವರು ನಕ್ಕರು. ಆ ನಗೆ ಬಹಳ ದಿನ ಉಳಿಯಲಿಲ್ಲ. ಒಂದು ದಿನ ಸುವರ್ಣಗೆಡ್ಡೆಯನ್ನು ಹೆಚ್ಚುವಾಗ, ಅಲಗು ಇಳಿಯದೆಂದು ಬಲವಾಗಿ ಒತ್ತಿದರು, ಚಾಕು ಜಾರಿತು. ಬೆರಳಿಗೆ ಮೂರು ಹೊಲಿಗೆ ಹಾಕಿಸಬೇಕಾಯಿತು.

ಹರಿತವಾದ ಚಾಕುವಿಗಿಂತ ಮೊಂಡು ಚಾಕುವೇ ಹೆಚ್ಚು ಅಪಾಯಕರವೆಂಬುದು ಕೇಳಲು ವಿಚಿತ್ರವಾಗಿ ತೋರಬಹುದು. ಆದರೆ ಕಾರಣ ಸರಳ. ಹರಿತವಾದುದು ತನ್ನ ಕೆಲಸವನ್ನು ತಾನೇ ಮಾಡುತ್ತದೆ. ಮೊಂಡಾದುದು ನಮ್ಮ ತೋಳಿನ ಬಲವನ್ನು ಬೇಡುತ್ತದೆ. ಬಲ ಹೆಚ್ಚಿದಷ್ಟೂ ಹಿಡಿತ ತಪ್ಪುತ್ತದೆ.

ಹೊಳಪು ಬೇರೆ, ಹದ ಬೇರೆ

ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರೊಡನೆ ಈ ಪ್ರಸಂಗವನ್ನು ಹೇಳಿಕೊಂಡಾಗ, “ಅದಕ್ಕೆ ಸೂಜಿಗಲ್ಲು ಹಿಡಿದು ನೋಡಿದಿರಾ?” ಎಂದು ಕೇಳಿದರು. ಮನೆಗೆ ಬಂದು ಹಿಡಿದೆ. ಅಂಟಲಿಲ್ಲ. ಆಗ ಗುಟ್ಟು ಬಯಲಾಯಿತು: ಅದು ಊಟದ ತಟ್ಟೆಗೆ, ನೀರಿನ ಲೋಟಕ್ಕೆ ತಕ್ಕ ಉಕ್ಕು.

ತುಕ್ಕು ಹಿಡಿಯದ ಉಕ್ಕೆಲ್ಲ ಒಂದೇ ಜಾತಿಯದಲ್ಲ. ಒಳ್ಳೆಯ ಪಾತ್ರೆಯ ಉಕ್ಕಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. ಕಾಯಿಸಿ ಅದ್ದಿದ ಮಾತ್ರಕ್ಕೆ ಅದು ಗಟ್ಟಿಯಾಗುವುದಿಲ್ಲ. ಸಾಮಾನ್ಯ ಚಾಕುವಿನ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 13ರ ಆಸುಪಾಸು. ಅದರೊಡನೆ ಒಂದಿಷ್ಟು ಇಂಗಾಲ. ಆ ಇಂಗಾಲದ ದೆಸೆಯಿಂದಲೇ ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಅದು ಗಡುಸಾಗುತ್ತದೆ. ಅನಂತರ ಮತ್ತೆ ಹಿತವಾಗಿ ಕಾಯಿಸಿ ಬಿರುಸನ್ನು ತಗ್ಗಿಸುತ್ತಾರೆ. ಕಮ್ಮಾರರು ಇದನ್ನೇ ಹದ ಎನ್ನುತ್ತಾರೆ. ಉಳುವ ಮಣ್ಣಿಗೂ ಬೆಲ್ಲದ ಪಾಕಕ್ಕೂ ಕತ್ತಿಯ ಅಲಗಿಗೂ ಕನ್ನಡದಲ್ಲಿ ಒಂದೇ ಮಾತು!

1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದಾಗ, ಕೊಯ್ಯದ ಚಾಕು ಎಂದು ಅಲ್ಲಿಯ ಕಸಬುದಾರರು ಹಾಸ್ಯಮಾಡಿದರಂತೆ. ಹದ ಹಾಕುವ ರೀತಿ ಕೈವಶವಾದ ಮೇಲೆಯೇ ಆ ಹಾಸ್ಯ ನಿಂತದ್ದು. 

ಹಾಗೆ ನೋಡಿದರೆ, ಉಕ್ಕಿನ ಗುಣವನ್ನು ಪರಿಶೀಲಿಸುವ ವಿದ್ಯೆಯಲ್ಲಿ ನಮ್ಮ ನಾಡು ಹಿಂದುಳಿದುದಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿ ಗಿಡದ ಕಡ್ಡಿಯನ್ನಿಟ್ಟು ಉಕ್ಕು ಮಾಡುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಯೂರೋಪಿನವರು ಈ ದಕ್ಷಿಣದೇಶದ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮೈಕಲ್ ಫ್ಯಾರಡೆಯೊಡನೆ ಉಕ್ಕಿನ ಪ್ರಯೋಗ ನಡೆಸಿದ ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್, ಹಲವು ವರ್ಷ ಹೋಲಿಸಿ ನೋಡಿ ಯೂರೋಪಿನ ಉತ್ತಮ ಉಕ್ಕಿಗಿಂತ ಇದೇ ತನಗೆ ಮೆಚ್ಚುಗೆಯಾಯಿತೆಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚುಹಾಕಿಸಿದ್ದ. ಹೋಲಿಸಿ ನೋಡಿ ಎಂಬುದು ಇಲ್ಲಿ ಮುಖ್ಯವಾದ ಮಾತು. ನಾನೂ ಹಾಗೆಯೇ ಮಾಡಬೇಕೆಂದು ನಿಶ್ಚಯಿಸಿದೆ.

ಎರಡು ಚಾಕುಗಳ ಸ್ಪರ್ಧೆ

ಈ ಬಾರಿ ತಂದುದು ತಯಾರಕರ ಮುದ್ರೆಯಿದ್ದ, ಪ್ಲಾಸ್ಟಿಕ್ ಹಿಡಿಯ, ತೆಳುವಾದ ಅಲಗಿನ ಸಾಧಾರಣ ಚಾಕು. ಬೆಲೆ ಎಪ್ಪತ್ತು ರೂಪಾಯಿ. ಅದೇ ಸಮಯಕ್ಕೆ ನನ್ನ ಭಾವಮೈದುನ ಸಾವಿರದ ಎಂಟುನೂರು ರೂಪಾಯಿಯ ವಿದೇಶೀ ಚಾಕುವೊಂದನ್ನು ಉಡುಗೊರೆಯಾಗಿ ತಂದುಕೊಟ್ಟ. ಸೂಜಿಗಲ್ಲು ಎರಡಕ್ಕೂ ಅಂಟಿತು. ಆರು ತಿಂಗಳು ಎರಡೂ ನಮ್ಮ ಅಡುಗೆಮನೆಯಲ್ಲಿ ದುಡಿದವು.

ದುಬಾರಿ ಚಾಕುವಿನ ಹರಿತ ಎರಡು ತಿಂಗಳು ಉಳಿಯಿತು. ಅಗ್ಗದ್ದು ಎರಡೇ ವಾರ. ಇಷ್ಟಕ್ಕೇ ತೀರ್ಪು ಕೊಟ್ಟುಬಿಟ್ಟರೆ ಅವಸರವಾದೀತು. ಅಗ್ಗದ ಚಾಕುವನ್ನು ಪಿಂಗಾಣಿ ಬಟ್ಟಲಿನ ಅಡಿಯಲ್ಲಿರುವ ಒರಟು ಅಂಚಿನ ಮೇಲೆ, ಸ್ವಲ್ಪವೇ ಓರೆಯಾಗಿ ಹಿಡಿದು, ಎರಡೂ ಮಗ್ಗುಲು ಹತ್ತು ಹತ್ತು ಸಲ ಎಳೆದರೆ ಮತ್ತೆ ಹರಿತವಾಗುತ್ತಿತ್ತು. ಎರಡು ನಿಮಿಷದ ಕೆಲಸ. ದುಬಾರಿಯದು ಬಹಳ ಗಡುಸು. ಅದನ್ನು ಮಸೆಯಲು ತಕ್ಕ ಸಾಣೆಕಲ್ಲೂ ತಾಳ್ಮೆಯೂ ಬೇಕು. ಮೇಲಾಗಿ, ಒಮ್ಮೆ ಒಣಕೊಬ್ಬರಿಯ ಮೇಲೆ ಪ್ರಯೋಗಿಸಿದಾಗ ಅದರ ಅಂಚು ಚಕ್ಕೆಯೆದ್ದಿತು. ಅತಿಯಾದ ಗಡುಸಿಗೆ ಬಿರುಕಿನ ಭಯ ಇದ್ದೇ ಇದೆ. ಆದರೆ ಅಗ್ಗದ್ದಕ್ಕೂ ಮಿತಿಯುಂಟು: ಕುಂಬಳಕಾಯಿಗೆ, ಹಲಸಿಗೆ ಅದು ಸಲ್ಲದು.

ಅಂಗಡಿಯಲ್ಲಿ ನೋಡಬೇಕಾದುದು

ಕೊಳ್ಳುವವರು ಕೆಲವು ಅಂಶಗಳನ್ನು ಗಮನಿಸಿದರೆ ಸಾಕು. ತಯಾರಕರ ಹೆಸರಿರಲಿ, ಹೆಸರಿಟ್ಟವನು ಸ್ವಲ್ಪವಾದರೂ ಅಂಜುತ್ತಾನೆ. ಚಿಕ್ಕ ಸೂಜಿಗಲ್ಲೊಂದು ಜೇಬಿನಲ್ಲಿರಲಿ. ಅಂಟಿದ್ದೆಲ್ಲ ಒಳ್ಳೆಯ ಚಾಕುವಲ್ಲ, ಆದರೆ ಅಂಟದ್ದನ್ನು ಬಿಟ್ಟುಬಿಡುವುದು ಲೇಸು. ಅಂಚನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಿ: ಹರಿತವಾದ ಅಂಚು ಕಣ್ಣಿಗೆ ಕಾಣುವುದಿಲ್ಲ, ಮಿನುಗಿದ ಕಡೆ ಮೊಂಡಾಗಿದೆಯೆಂದು ತಿಳಿಯಿರಿ. ಹಿಡಿಗೂ ಅಲಗಿಗೂ ನಡುವೆ ಸಂದಿರಬಾರದು; ಅಲ್ಲಿ ನೀರೂ ಕೊಳೆಯೂ ನಿಲ್ಲುತ್ತವೆ. 

ಮನೆಗೆ ತಂದ ಮೇಲಿನ ಹೊಣೆ ನಮ್ಮದು. ಉಕ್ಕಿನ ತಟ್ಟೆಯ ಮೇಲೆ, ಅಡುಗೆಕಟ್ಟೆಯ ಕಲ್ಲಿನ ಮೇಲೆ ಹೆಚ್ಚಿದರೆ ಯಾವ ಚಾಕುವೂ ಬಾಳುವುದಿಲ್ಲ. ಮರದ ಹಲಗೆ ಬೇಕು.

ಎಪ್ಪತ್ತು ರೂಪಾಯಿಯ ಚಾಕುವಿನ ಬೆಲೆ ಎಪ್ಪತ್ತು ರೂಪಾಯಿ ಮಾತ್ರವಲ್ಲ. ಹದಿನೈದು ದಿನಕ್ಕೊಮ್ಮೆ ಎರಡು ನಿಮಿಷದ ಶ್ರದ್ಧೆಯನ್ನೂ ಅದಕ್ಕೆ ಸೇರಿಸಬೇಕು. ಆ ಶ್ರದ್ಧೆ ಇದ್ದವರಿಗೆ ಅದು ಲಾಭದ ವ್ಯಾಪಾರ. ಇಲ್ಲದವರಿಗೆ ಸಾವಿರದ ಎಂಟುನೂರು ಕೊಟ್ಟರೂ ನಷ್ಟವೇ.

ಚಕ್ಕೆಯೆದ್ದ ಉಡುಗೊರೆ ಈಗ ಬೀರುವಿನಲ್ಲಿದೆ. ಭಾನುವಾರ ಬೆಳಿಗ್ಗೆ ಬಟ್ಟಲನ್ನು ಬೋರಲು ಹಾಕಿಕೊಂಡು ನಾನು ಚಾಕು ಮಸೆಯಲು ಕೂರುತ್ತೇನೆ. ತಾಯಿಯವರು ಒಂದು ಟೊಮೆಟೊ ಹಣ್ಣನ್ನು ಕೊಯ್ದು ನೋಡಿ, “ಆಯಿತು, ಕೊಡಪ್ಪಾ” ಎನ್ನುತ್ತಾರೆ. ಅನಂತರ ಹುರುಳಿಕಾಯಿಯ ತಟ್ಟೆ ಅವರ ಮುಂದಕ್ಕೆ ಸರಿಯುತ್ತದೆ.