ಕಾಲಿನ ಉಬ್ಬುನಾಳ ಮತ್ತು ಅನುವಂಶೀಯತೆ

ಕಾಲಿನ ಚರ್ಮದಡಿ ಹಗ್ಗದಂತೆ ಸುರುಳಿಗೊಂಡು ಉಬ್ಬುವ ನೀಲಿ ನಾಳಗಳನ್ನು ಆಡುಮಾತಿನ ಕನ್ನಡ 'ನರ' ಎನ್ನುತ್ತದೆ. ತಮಿಳು 'ನರಂಬು' ಎನ್ನುತ್ತದೆ. ತೇಣಿ, ಕಂಬಂ ಕಣಿವೆ, ದಿಂಡಿಗಲ್ ಭಾಗಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ವಿದ್ಯಾರ್ಥಿಗೆ ಇದು ನರಮಂಡಲದ ರೋಗವೆಂಬ ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಬರುತ್ತದೆ. ಪಾಠ ಈ ತೊಡಕನ್ನು ಬಿಡಿಸುವುದರಿಂದಲೇ ಆರಂಭವಾಗಬೇಕು. ಇದು ಅಭಿಧಮನಿಯ ರೋಗ. ತಮಿಳಿನ ವೈದ್ಯಕೀಯ ಪದವಾದ 'ಸುರುಳ್ ಸಿರೈ'ಯಲ್ಲಿರುವ 'ಸಿರೈ' ಕನ್ನಡದ 'ಸಿರೆ'ಯೇ ಆಗಿರುವುದು ಶಿಕ್ಷಕರಿಗೆ ಅನುಕೂಲ.

ಕಾಲಿನ ರಕ್ತ ಹೃದಯಕ್ಕೆ ಮರಳಲು ಮೇಲೇರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಒಳಗಿನ ಕವಾಟಗಳು ಅದು ಕೆಳಕ್ಕೆ ಜಾರದಂತೆ ತಡೆಯುತ್ತವೆ. ಇಟಲಿಯ ಫ್ಯಾಬ್ರಿಷಿಯಸ್ 1603ರಲ್ಲಿ ಈ ಕವಾಟಗಳನ್ನು ವಿವರಿಸಿದನು. ಅವುಗಳ ನಿಜವಾದ ಕೆಲಸವನ್ನು 1628ರಲ್ಲಿ ತಿಳಿಸಿದವನು ಅವನ ಶಿಷ್ಯ ಹಾರ್ವೆ. ಅಲುಗಾಡದೆ ನಿಂತಾಗ ಹರಡಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಪಾದರಸದ 80–90 ಮಿಲಿಮೀಟರಿನಷ್ಟಿರುತ್ತದೆ. ನಡೆದಾಗ 30ರ ಆಸುಪಾಸಿಗೆ ಇಳಿಯುತ್ತದೆ. ನಾಳದ ಗೋಡೆ ಸಡಿಲಗೊಂಡು ಕವಾಟದ ಎಸಳುಗಳು ಕೂಡದೆ ಹೋದರೆ ಈ ಇಳಿಕೆ ಸಾಲದು. ಕಾಲು ಭಾರವಾಗುತ್ತದೆ, ಊದುತ್ತದೆ. ವರ್ಷಗಳು ಕಳೆದಂತೆ ಹರಡಿನ ಮೇಲ್ಭಾಗದ ಚರ್ಮ ಕಪ್ಪಾಗಿ ಒಣಗದ ಹುಣ್ಣೂ ಆಗಬಹುದು.

ಈ ದೌರ್ಬಲ್ಯ ವಂಶದಲ್ಲಿ ಹರಿದುಬರುತ್ತದೆಯೇ? 1994ರಲ್ಲಿ ಪ್ರಕಟವಾದ ಫ್ರಾನ್ಸಿನ ಕುಟುಂಬ ಅಧ್ಯಯನವೊಂದರಲ್ಲಿ ತಂದೆ ತಾಯಿ ಇಬ್ಬರಿಗೂ ರೋಗವಿದ್ದರೆ ಮಕ್ಕಳಿಗೆ ಬರುವ ಸಂಭವ ಶೇಕಡಾ 90 ಎಂದು ಕಂಡುಬಂದಿತು. ಒಬ್ಬರಿಗೆ ಮಾತ್ರ ಇದ್ದಲ್ಲಿ ಹೆಣ್ಣುಮಕ್ಕಳಿಗೆ 62, ಗಂಡುಮಕ್ಕಳಿಗೆ 25. ಇಬ್ಬರಿಗೂ ಇಲ್ಲದಿದ್ದಾಗಲೂ ಅದು 20 ಆಗಿತ್ತು. ಅಧ್ಯಯನ ಚಿಕ್ಕದು, ಆದರೆ ಈ ಕೊನೆಯ ಅಂಕಿಯನ್ನು ತರಗತಿಯಲ್ಲಿ ಬಿಡಬಾರದು.

ಬಟಾಣಿ ಗಿಡದ ಎತ್ತರ, ಗಿಡ್ಡತನಗಳ ಪಾಠ ಕಲಿತ ಮಕ್ಕಳು ಇಲ್ಲಿಯೂ ಒಂದೇ ಜೀನನ್ನು ಹುಡುಕುತ್ತಾರೆ. ಅಂಥ ಉದಾಹರಣೆ ಇದೆ, ಆದರೆ ಅಪರೂಪ: ಫಾಕ್ಸ್‌ಸಿ2 ಎಂಬ ಜೀನು ಕೆಟ್ಟವರಲ್ಲಿ ರೆಪ್ಪೆಗೂದಲು ಎರಡು ಸಾಲಾಗಿ ಬೆಳೆಯುವುದು, ಕಾಲು ಊದುವುದು, ಅಭಿಧಮನಿಯ ಕವಾಟಗಳು ಸೋಲುವುದು ಒಟ್ಟಿಗೆ ಕಾಣುತ್ತವೆ. ಸಾಮಾನ್ಯ ಉಬ್ಬುನಾಳದ ರೀತಿ ಬೇರೆ. ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆ ವರ್ಣತಂತುಗಳಲ್ಲಿ ಈ ರೋಗಕ್ಕೆ ಸಂಬಂಧಿಸಿದ 30 ಹೊಸ ತಾಣಗಳನ್ನು ಗುರುತಿಸಿತು. ಅವುಗಳಲ್ಲೊಂದು ಪೈಯೆಜೋ1, ನಾಳದ ಗೋಡೆ ಒತ್ತಡವನ್ನು ಗ್ರಹಿಸಲು ನೆರವಾಗುವ ಜೀನು. ಎತ್ತರದ ಮೈಕಟ್ಟು ಕೂಡ ಅಪಾಯವನ್ನು ಹೆಚ್ಚಿಸುತ್ತದೆಂದು ಅದೇ ಸಂಶೋಧನೆ ತೋರಿಸಿತು. ಒಂದೊಂದು ತಾಣದ ಪಾಲು ಅತ್ಯಲ್ಪ, ಹನಿಗೂಡಿದಾಗಲೇ ಹಳ್ಳ.

ಆ ಹಳ್ಳಕ್ಕೆ ವಯಸ್ಸು, ಬಸಿರು, ದೇಹತೂಕ ಮತ್ತು ದುಡಿಮೆಯ ರೀತಿ ಕೂಡ ನೀರು ಸೇರಿಸುತ್ತವೆ. ಕಂಬಂ ಕಣಿವೆಯ ದ್ರಾಕ್ಷಿ ಚಪ್ಪರದ ಕೆಳಗೆ ಕೈಯೆತ್ತಿ ನಿಲ್ಲುವ ಹೆಂಗಸರು, ದಿಂಡಿಗಲ್ ಜಿಲ್ಲೆಯ ನೂಲಿನ ಗಿರಣಿಗಳ ಕಾರ್ಮಿಕರು, ಕರಿಹಲಗೆಯ ಮುಂದಿನ ಶಿಕ್ಷಕರು ಎಲ್ಲರೂ ಈ ಲೆಕ್ಕಕ್ಕೆ ಬರುತ್ತಾರೆ.

ಸೋದರಸಂಬಂಧದ ಮದುವೆಯ ಪ್ರಶ್ನೆ ತರಗತಿಯಲ್ಲಿ ಏಳುವುದು ಖಚಿತ. ರಕ್ತಸಂಬಂಧದ ಮದುವೆಯ ಸ್ಪಷ್ಟ ಅಪಾಯವಿರುವುದು ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷಯುಕ್ತ ಜೀನು ಬಂದಾಗ ತೋರುವ ರೋಗಗಳಲ್ಲಿ. ಉಬ್ಬುನಾಳ ಆ ಗುಂಪಿನದಲ್ಲ. ವಂಶವೃಕ್ಷ ಬರೆಯುವಾಗ ಮಾತ್ರ ಒಂದು ಎಚ್ಚರ ಬೇಕು. ಅಕ್ಕನ ಮಗಳನ್ನು ಮದುವೆಯಾದವನ ಮಗುವಿಗೆ ತಂದೆಯ ತಾಯಿಯೂ ತಾಯಿಯ ಅಜ್ಜಿಯೂ ಒಬ್ಬಳೇ. ಅವಳ ಕಾಲಿನ ರೋಗವನ್ನು ಎರಡು ಬಾರಿ ಎಣಿಸಬಾರದು. ವೃಕ್ಷ ಕಲ್ಪಿತ ಕುಟುಂಬದ್ದಾಗಿರುವುದೇ ಲೇಸು. ಹುಡುಗಿಯೊಬ್ಬಳ ತಾಯಿಯ ಕಾಲಿನ ಸಂಗತಿ ತರಗತಿಯಿಂದ ಊರಿಗೆ ಹಬ್ಬಿ, ನಾಳೆ ಅವಳ ಮದುವೆಯ ಮಾತುಕತೆಯಲ್ಲಿ ಆಕ್ಷೇಪವಾಗಿ ಮರಳುವಂತಾಗಬಾರದು.

ಮನೆತನದಲ್ಲಿ ರೋಗವಿದೆಯೆಂಬುದು ಬೇಗ ಎಚ್ಚರಗೊಳ್ಳಲು ಸಿಕ್ಕ ಸೂಚನೆ. ಪಾಠದ ನಡುವೆ ಹೆಜ್ಜೆ ಹಾಕುವುದು, ಹಿಮ್ಮಡಿ ಎತ್ತಿ ಇಳಿಸುವುದು, ಕುಳಿತಾಗ ಕಾಲನ್ನು ಎತ್ತರದಲ್ಲಿಡುವುದು ಭಾರವನ್ನು ತಗ್ಗಿಸುತ್ತವೆ. ಬಿಗಿಯಾದ ಸ್ಟಾಕಿಂಗ್ಸನ್ನು ವೈದ್ಯರು ಅಪಧಮನಿಯ ಹರಿವನ್ನು ನೋಡಿದ ನಂತರವೇ ಧರಿಸಬೇಕು. ಚರ್ಮ ಕಪ್ಪಾಗತೊಡಗಿದರೆ ಹುಣ್ಣಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ನೋವಿಲ್ಲದ ಡಾಪ್ಲರ್ ಸ್ಕ್ಯಾನ್, ನಿಂತ ಕಾಲಿನಲ್ಲಿ ಯಾವ ಕವಾಟದಿಂದ ರಕ್ತ ಹಿಂದಕ್ಕೆ ಜಾರುತ್ತಿದೆ ಎಂಬುದನ್ನು ತೋರಿಸುತ್ತದೆ.