ದಮ್ಮಿನ ಗಡಿ ಅಳೆಯಲು ಎರಡು ಈಜು, ಒಂದು ಕಳೆಯುವ ಲೆಕ್ಕ

ಕದರಮಂಡಲಗಿಯಂಥ ಹಳ್ಳಿಗಳ ಕಡೆ ಈಸುಬೀಳಲು ಕಲಿಯುವುದೆಂದರೆ ಹೊಲದ ಬಾವಿಯಲ್ಲಿ. ನಡುವಿಗೆ ಸೋರೆಬುರುಡೆ, ಈಗೀಗ ಖಾಲಿ ಪ್ಲಾಸ್ಟಿಕ್ ಕ್ಯಾನು. ಕಾಕಾನೋ ಮಾವನೋ ದಂಡೆಯಿಂದ ತಳ್ಳಿದರೆ ಪಾಠ ಶುರು. ಎತ್ತರದಿಂದ ಜಿಗಿದವನು, ಮುಳುಗಿ ತಳದ ಕೆಸರು ತಂದವನು ಅಲ್ಲಿ ಗಟ್ಟಿಗ. ಹಾಗೆ ಕಲಿತವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಈಜುಕೊಳಕ್ಕೆ ಇಳಿದಾಗ ‘ಥ್ರೆಶೋಲ್ಡ್ ಪೇಸ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ತಪ್ಪು ತಿಳಿವಳಿಕೆಗಳೂ ಬರುತ್ತವೆ.

ಮೊದಲನೆಯದು, ಇದು ಒಬ್ಬನ ಗರಿಷ್ಠ ವೇಗ ಎಂಬುದು. ಅಲ್ಲ. ಇದು ದಮ್ಮು ಕಟ್ಟದೆ ಬಹಳ ಹೊತ್ತು ಹಿಡಿದಿಡಬಹುದಾದ ವೇಗದ ಮೇಲಂಚು. ಇದರೊಳಗೆ ಇದ್ದಷ್ಟು ಹೊತ್ತು ದೇಹದ ಖರ್ಚು-ಆದಾಯ ಸರಿದೂಗುತ್ತದೆ. ಮೀರಿದರೆ ಸಾಲ ಏರುತ್ತಾ ಹೋಗಿ ಕೆಲವೇ ನಿಮಿಷಗಳಲ್ಲಿ ತೋಳು ಸೋಲುತ್ತದೆ. ಸ್ನಾಯುಗಳ ಕೆಲಸಕ್ಕೆ ಇಂಥದೊಂದು ಗಡಿಯಿದೆ ಎಂದು 1965ರಲ್ಲಿ ಸಂಶೋಧಕರಾದ ಮೊನೊ ಮತ್ತು ಶೆರರ್ ತೋರಿಸಿದರು. 1992ರಲ್ಲಿ ಜಪಾನಿನ ವಕಾಯೋಶಿ ಮತ್ತು ಸಂಗಡಿಗರು ಅದನ್ನು ಈಜಿಗೆ ತಂದರು. ಕೋಚ್‌ಗಳು ‘ಸಿಎಸ್ಎಸ್’ (ಕ್ರಿಟಿಕಲ್ ಸ್ವಿಮ್ ಸ್ಪೀಡ್) ಎನ್ನುವುದು ಇದನ್ನೇ.

ಎರಡನೆಯದು, ಜೀವ ಬಿಟ್ಟು ಒಂದು ನೂರು ಮೀಟರ್ ಈಜಿದರೆ ಗೊತ್ತಾಗುತ್ತದೆ ಎಂಬುದು. ಆ ನೂರರಲ್ಲಿ ಸಾಲದ ಪಾಲೂ ದೊಡ್ಡದಿರುತ್ತದೆ. ಅದನ್ನು ತೆಗೆಯಲೆಂದೇ ಎರಡು ಈಜು: ಚೆನ್ನಾಗಿ ಮೈ ಬಿಸಿಮಾಡಿಕೊಂಡು 400 ಮೀಟರ್, ಪೂರ್ತಿ ಸುಧಾರಿಸಿಕೊಂಡು 200 ಮೀಟರ್, ಎರಡೂ ಕಸುವಿದ್ದಷ್ಟು ಜೋರಾಗಿ. ಒಬ್ಬನಿಗೆ 400ಕ್ಕೆ 8 ನಿಮಿಷ, 200ಕ್ಕೆ 3 ನಿಮಿಷ 48 ಸೆಕೆಂಡು ಹಿಡಿಯಿತು ಎನ್ನೋಣ. ಕಳೆದರೆ 4 ನಿಮಿಷ 12 ಸೆಕೆಂಡು. ಹೆಚ್ಚುವರಿ 200 ಮೀಟರಿನ ಬೆಲೆ ಅದು. ಅರ್ಧ ಮಾಡಿದರೆ ನೂರಕ್ಕೆ 2 ನಿಮಿಷ 6 ಸೆಕೆಂಡು. ಅವನ 400ರ ಸರಾಸರಿಗಿಂತಲೂ ಇದು 6 ಸೆಕೆಂಡು ನಿಧಾನ ಎಂಬುದನ್ನು ಗಮನಿಸಿ. ಎರಡೂ ಈಜಿನ ಸರಾಸರಿ ತೆಗೆಯುವವರು ಇಲ್ಲೇ ಎಡವುವುದು.

ಈ ಲೆಕ್ಕಕ್ಕೆ ಒಂದು ವಿಚಿತ್ರ ಗುಣವಿದೆ, ಹೆಚ್ಚಿನವರಿಗೆ ಅದು ಹೊಳೆಯುವುದೇ ಇಲ್ಲ. 400 ಮುಗಿದ ಮೇಲೆ ಸುಧಾರಿಸಿಕೊಳ್ಳದೆ ಇಳಿದು, 200ಕ್ಕೆ 3 ನಿಮಿಷ 56 ಸೆಕೆಂಡು ತೆಗೆದುಕೊಂಡರೆ ಉತ್ತರ 2 ನಿಮಿಷ 2 ಸೆಕೆಂಡು ಬರುತ್ತದೆ. ಕೆಟ್ಟದಾಗಿ ಈಜಿದವನಿಗೆ ಹೆಚ್ಚು ಅಂಕ! ಆ ಸುಳ್ಳು ವೇಗ ನಂಬಿ ವಾರಗಟ್ಟಲೆ ತಾಲೀಮು ಮಾಡಿದರೆ ಭುಜಕ್ಕೆ ಪೆಟ್ಟು. ಸರಿಯಾಗಿ ಮಾಡಿದಾಗಲೂ ಉತ್ತರ ನಿಜವಾದ ಗಡಿಗಿಂತ ತುಸು ಚುರುಕಾಗಿಯೇ ಬರುವುದುಂಟು. ಹಾಗಾಗಿ ಅದನ್ನು ಕೆತ್ತಿದ ಶಾಸನವೆಂದು ಹಿಡಿಯದೆ, 100 ಮೀಟರಿನ ಹತ್ತು ಸುತ್ತುಗಳನ್ನು ಹದಿನೈದಿಪ್ಪತ್ತು ಸೆಕೆಂಡು ಬಿಡುವಿನಲ್ಲಿ ಅದೇ ವೇಗದಲ್ಲಿ ಈಜಿ ನೋಡಬೇಕು. ಕೊನೆಯೆರಡು ಸುತ್ತು ಕುಸಿದರೆ ಸಂಖ್ಯೆ ತಪ್ಪು.

‘ಬಾವಿಯಲ್ಲೇ ಅಳೆದರಾಯಿತು’ ಎನ್ನುವವರಿಗೆ ಒಂದು ಮಾತು. ಬಾವಿಯಲ್ಲಿ ನೇರ ದೂರವೇ ಇಲ್ಲ. ತುಂಗಭದ್ರೆಯಲ್ಲಿ ದೂರವಿದೆ, ಜೊತೆಗೆ ಹರಿವೂ ಇದೆ. ಹರಿವಿನ ಜೊತೆ ಹೋದರೆ ಗಡಿಯಾರ ಹೊಗಳುತ್ತದೆ, ಎದುರು ಹೋದರೆ ಬಯ್ಯುತ್ತದೆ. ಕಸುವು ಬಸಿದು ಈಜುವ ಪರೀಕ್ಷೆಗೆ ಒಬ್ಬರೇ ಹೊಳೆಗಿಳಿಯುವುದು ಅಪಾಯ ಕೂಡ. ಕೊಳದಲ್ಲೂ 25 ಮೀಟರಿನದು, 50 ಮೀಟರಿನದು ಒಂದೇ ಅಲ್ಲ: ಚಿಕ್ಕ ಕೊಳದಲ್ಲಿ ಗೋಡೆ ಒದ್ದು ಚಿಮ್ಮುವ ಲಾಭ ಹೆಚ್ಚು, ಸಮಯ ಕಡಿಮೆ. ಯಾವ ಕೊಳದಲ್ಲಿ ತಾಲೀಮೋ ಅಲ್ಲೇ ಪರೀಕ್ಷೆ.

ಇಂಥ ಪರೀಕ್ಷೆಯ ಮರುದಿನದ ತೋಳುನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎನ್ನುವುದೂ ಹಳೆಯ ಸುಳ್ಳು. ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಹೃದಯಕ್ಕೂ ಸ್ನಾಯುವಿಗೂ ಅದು ಇಂಧನ.

ಇನ್ನು ಓಟದ ನಾಡಿಬಡಿತದ ಪಟ್ಟಿಯನ್ನೇ ನೀರಿಗೂ ಹಚ್ಚುವ ಅಭ್ಯಾಸ, ಅದೂ ತಪ್ಪು. ಈಜುವಾಗ ಮೈ ಅಡ್ಡವಾಗಿರುತ್ತದೆ, ನೀರಿನ ಒತ್ತಡ ರಕ್ತವನ್ನು ಎದೆಯ ಕಡೆ ತಳ್ಳುತ್ತದೆ, ತಂಪೂ ಇರುತ್ತದೆ. ಅಷ್ಟೇ ಶ್ರಮಕ್ಕೆ ನಾಡಿ ನೆಲದ ಮೇಲಿಗಿಂತ ಸುಮಾರು ಹತ್ತು ಬಡಿತ ಕಡಿಮೆ ತೋರಿಸಬಹುದು. ನೀರಿನಲ್ಲಿ ತಾಲೀಮಿನ ವಲಯ ಹಾಕಲು ಗಡಿಯಾರವೇ ವಾಸಿ. ನಮ್ಮ 2 ನಿಮಿಷ 6 ಸೆಕೆಂಡಿನವನಿಗೆ ಹಗುರ ಈಜು ನೂರಕ್ಕೆ 2:14ರಿಂದ 2:18ರವರೆಗೆ, ಗಡಿಯ ಈಜು 2:06ರ ಆಸುಪಾಸು, ಬಿರುಸಿನದು 2:02ಕ್ಕಿಂತ ಒಳಗೆ. ಕೋಚ್‌ನಿಂದ ಕೋಚ್‌ಗೆ ಒಂದೆರಡು ಸೆಕೆಂಡು ಆಚೀಚೆ ಆಗುತ್ತದೆ. ಆರೆಂಟು ವಾರಕ್ಕೊಮ್ಮೆ, ಅದೇ ಕೊಳದಲ್ಲಿ, ಅದೇ ಕ್ರಮದಲ್ಲಿ ಮತ್ತೆ ಅಳೆಯಬೇಕು.