ತೆರಕಣಾಂಬಿ ದಾರಿಗೆ ಎಂಥ ಸೈಕಲ್?

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಸುಮಾರು 36 ಕಿಲೋಮೀಟರ್. ಬಸ್ಸಿನ ಕಿಟಕಿಯಿಂದ ನೋಡಿದರೆ ದಾರಿ ಸಮತಟ್ಟಾಗಿಯೇ ಕಾಣುತ್ತದೆ. ಆದರೆ ಗುಂಡ್ಲುಪೇಟೆ ಇರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಚಾಮರಾಜನಗರ ಅದಕ್ಕಿಂತ ತಗ್ಗಿನಲ್ಲಿ. ಇದು ಸೈಕಲ್ ತುಳಿದವರ ತೊಡೆಗೆ ಮೊದಲ ದಿನವೇ ತಿಳಿಯುತ್ತದೆ. ಆಷಾಢ ಬಂತೆಂದರೆ ನೈಋತ್ಯದ ಗಾಳಿಯೂ ಎದುರಿಗೇ ಬೀಸುತ್ತದೆ. ಇಕ್ಕೆಲದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿ ನಿಂತಿರುವ ಆ ತಿಂಗಳುಗಳಲ್ಲಿ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಅಂಗಿ ಬೆವರಿನಲ್ಲಿ ನೆನೆದಿರುತ್ತದೆ. ಆರೋಗ್ಯಕ್ಕೆಂದು ಸೈಕಲ್ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಹೋಗುವಾಗ ಏರು ಮತ್ತು ಗಾಳಿ; ಬಲ ಕುಗ್ಗಿ ಹಿಂದಿರುಗುವಾಗ ಅವೆರಡೂ ನಮ್ಮ ಪರ. ಗುಂಡ್ಲುಪೇಟೆಯಿಂದ ಹೊರಡುವವರಿಗೆ ಲೆಕ್ಕ ತಿರುಗುಮುರುಗು. ಹೋಗುವಾಗಿನ ಹಗುರ ನಂಬಿ ದೂರ ಹೋದರೆ ಮರಳುವಾಗ ಕಷ್ಟ. ಅವರು ಮೊದಲ ವಾರಗಳಲ್ಲಿ ತೆರಕಣಾಂಬಿಯಲ್ಲೇ ತಿರುಗಿಕೊಳ್ಳುವುದು ಮೇಲು.

ಯಾವ ಸೈಕಲ್ ಕೊಳ್ಳಲಿ ಎಂದು ಕೇಳುವವರು ಮೈಸೂರಿನ ಶೋರೂಮಿಗೆ ಹೋಗುವ ಮುನ್ನ ಈ ದಾರಿಯನ್ನು ಬಲ್ಲವರಾಗಬೇಕು ಎಂಬುದು ನನ್ನ ಮಾತು. ಅದಕ್ಕೂ ಮುಂಚೆ ಒಮ್ಮೆ ಮನೆಯ ಹಿತ್ತಲು ನೋಡಿ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಹೈಸ್ಕೂಲ್ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಸೈಕಲ್ಲುಗಳು ಗೋಡೆಗೊರಗಿದವು. ಅಣ್ಣ ಮೋಟರ್‌ ಬೈಕಿಗೆ ಹೋದ, ತಂಗಿಗೆ ‘ದೊಡ್ಡವಳಾದೆ, ಸಾಕು’ ಎಂದರು. ಆ ತಂಗಿ ಈಗ ಮೂವತ್ತರ ಆಸುಪಾಸಿನ ಗೃಹಿಣಿ, ಇಲ್ಲವೇ ಶಿಕ್ಷಕಿ. ಡಾಕ್ಟರು ‘ಸ್ವಲ್ಪ ನಡೀರಮ್ಮ’ ಎಂದು ಹೇಳಿರುತ್ತಾರೆ. ತುಳಿಯುವುದು ಒಮ್ಮೆ ಬಂದರೆ ಮರೆಯುವ ವಿದ್ಯೆಯಲ್ಲ. ಗೇರಿಲ್ಲದ ಆ ಸೈಕಲ್ಲೇ ಊರ ಸುತ್ತಿನ ಎಂಟು-ಹತ್ತು ಕಿಲೋಮೀಟರಿಗೆ ಧಾರಾಳ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ವಾರಕ್ಕೆ ಐದು ಬೆಳಗ್ಗೆ ಅರ್ಧರ್ಧ ಗಂಟೆ ತುಳಿದರೂ ಆ ಗಡಿ ಮುಟ್ಟಬಹುದು. ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು; ಅದೇ ಮಧ್ಯಮ ಶ್ರಮದ ಅಳತೆ. ಎದೆನೋವು, ಬಿ.ಪಿ., ಸಕ್ಕರೆ ಇರುವವರು ಮೊದಲು ವೈದ್ಯರನ್ನು ಕಾಣಲಿ.

ಹಳೆಯ ಸೈಕಲ್ಲಿಗೆ ಜೀವ ಕೊಡುವುದು ಸೈಕಲ್ ಶಾಪ್. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲ ಹೋಯಿತು. ಆದರೆ ಬಾಗಿಲಲ್ಲಿ ಟಯರು ನೇತುಹಾಕಿ, ಮುಂದೆ ನೀರಿನ ಬಾಂಡ್ಲಿ ಇಟ್ಟುಕೊಂಡು ಕೂತ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಅಲ್ಲಿ ‘ಓವರಾಯಿಲ್’ ಮಾಡಿಸುವುದೆಂದರೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಹಬ್ಬು, ಪೆಡಲ್ಲು, ಹ್ಯಾಂಡಲ್ಲಿನ ಬಾಲ್ಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ, ಕಡ್ಡಿ ಬಿಗಿದು ರಿಮ್ಮಿನ ಬೆಂಡು ತೆಗೆಯುವುದು. ಬೆಂಡು ತೆಗೆಯುವ ಕೈಯನ್ನು ಒಮ್ಮೆ ನಿಂತು ನೋಡಬೇಕು. ಚಕ್ರ ತಿರುಗಿಸಿ, ರಿಮ್ಮು ವಾಲುವ ಕಡೆಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಎದುರಿನದನ್ನು ಅಷ್ಟೇ ಬಿಗಿದು, ಮತ್ತೆ ತಿರುಗಿಸಿ ಕಣ್ಣಳತೆಯಲ್ಲೇ ನೇರ ಮಾಡುತ್ತಾರೆ. ‘ಬಾಲ್ಸ್ ಹಾಕುದ್ರೆ ನಿಲ್ಲಲ್ಲ ಸಾ, ಕಪ್ಪೇ ತಿಂದೋಗದ’ ಎಂದರೆ ಆ ಮಾತು ಕೇಳಿ. ಬೇರಿಂಗಿನ ಕಪ್ಪು ಸವೆದಿದ್ದರೆ ಹೊಸ ಬಾಲ್ಸು ಹೆಚ್ಚು ದಿನ ಬಾಳುವುದಿಲ್ಲ.

ಸೀಟಿನ ಎತ್ತರವನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ನಮ್ಮ ಕಡೆ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ಇಳಿಸುವ ರೂಢಿ. ಮಂಡಿನೋವಿಗೆ ಅದೊಂದು ದೊಡ್ಡ ಕಾರಣ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದಾಗ ಮಂಡಿ ತುಸುವೇ ಬಾಗಿರುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದೆ ಇಳಿದು ಕಾಲೂರುವುದನ್ನು ಒಂದೆರಡು ದಿನದಲ್ಲಿ ಕಲಿಯಬಹುದು.

ಒಂದೆರಡು ತಿಂಗಳು ಹೀಗೆ ತುಳಿದ ಮೇಲೆ, ಇನ್ನೂ ದೂರ ಹೋಗಬೇಕೆನಿಸಿದರೆ ಹೊಸ ಸೈಕಲ್ ನೋಡಿ. ಅಂಗಡಿಯಲ್ಲಿ ಕಣ್ಣು ಮೊದಲು ಹೋಗುವುದು ದಪ್ಪ ಟಯರಿನ, ಮುಂದೆ ಸ್ಪ್ರಿಂಗಿರುವ ಎಂ.ಟಿ.ಬಿ. ಕಡೆಗೆ. ಅಗ್ಗದ ಸ್ಪ್ರಿಂಗು ಭಾರ ಹೆಚ್ಚಿಸುತ್ತದೆ, ಏರಿನಲ್ಲಿ ನಮ್ಮ ಶಕ್ತಿಯನ್ನೂ ನುಂಗುತ್ತದೆ. ಡಾಂಬರು ರಸ್ತೆಗೆ ಅದು ಬೇಕಿಲ್ಲ. ತೆಳು ಟಯರಿನ ರೇಸ್ ಸೈಕಲ್ ಹಗುರ, ಚುರುಕು. ಆದರೆ ರಸ್ತೆ ಬಿಟ್ಟು ಹಳ್ಳಿ ದಾರಿಗೆ ಇಳಿದರೆ ಒದ್ದಾಡುತ್ತದೆ. ಈ ಎರಡರ ನಡುವಿನ ಹೈಬ್ರಿಡ್ ನಮ್ಮ ನೆಲಕ್ಕೆ ಸರಿ: ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು, 35ರಿಂದ 40 ಮಿಲಿಮೀಟರ್ ಅಗಲದ ಟಯರು. ಗೇರು 21 ಇವೆ ಎಂಬುದು ಹೆಚ್ಚುಗಾರಿಕೆಯಲ್ಲ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರ ಸೇರಿದಾಗ ಏರಿನಲ್ಲಿ ಕೂತೇ ತುಳಿಯಲು ಆಗುತ್ತದೆಯೇ ಎಂಬುದೇ ಮುಖ್ಯ. ಭಾರದ ಗೇರಿನಲ್ಲಿ ಅದುಮಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ನಿಮಿಷಕ್ಕೆ 70-80 ಸುತ್ತು ತುಳಿದರೆ ಮಂಡಿಗೂ ಹಿತ, ಉಸಿರಿಗೂ ಒಳ್ಳೆಯ ವ್ಯಾಯಾಮ. ಡಿಸ್ಕ್ ಬ್ರೇಕಿಗಾಗಿ ಹಣ ಸುರಿಯಬೇಕಿಲ್ಲ. ರಬ್ಬರಿನ ವಿ-ಬ್ರೇಕನ್ನು ನಮ್ಮೂರ ಸೈಕಲ್ ಶಾಪಿನಲ್ಲೇ ಸರಿಮಾಡಿಸಬಹುದು. ಕೊಳ್ಳುವಾಗ ನಿಮ್ಮ ಎತ್ತರಕ್ಕೆ ತಕ್ಕ ಫ್ರೇಮ್ ಬಗ್ಗೆ ಪಟ್ಟು ಹಿಡಿಯಿರಿ. ಬಣ್ಣಕ್ಕೆ, ಆಫರಿಗೆ ಸೋತು ಅಳತೆ ತಪ್ಪಿದ ಸೈಕಲ್ ತಂದರೆ ಬೆನ್ನು-ಕತ್ತು ಬಹಳ ಕಾಲ ದೂರುತ್ತವೆ. ಉಳಿಸಿದ ದುಡ್ಡಿನಲ್ಲಿ ಮೊದಲು ಹೆಲ್ಮೆಟ್, ಹಿಂದಿನ ಕೆಂಪು ದೀಪ ಕೊಳ್ಳಿ.

ಇನ್ನು ಮುಳ್ಳಿನ ವಿಷಯ. ಬೇಲಿಯ ಜಾಲಿ ಮುಳ್ಳು ಕಣ್ಣಿಗಾದರೂ ಬೀಳುತ್ತದೆ. ರಸ್ತೆಯಂಚಿನ ನೆಗ್ಗಿಲು ಮುಳ್ಳು ಮಣ್ಣಿನ ಬಣ್ಣದಲ್ಲೇ ಇರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಲಾರಿ ಬಂತೆಂದು ಮಣ್ಣಿಗಿಳಿದವರ ಟಯರಿಗೆ ಅದು ಕಾದಿರುತ್ತದೆ. ಆದ್ದರಿಂದ ಒಂದು ಟ್ಯೂಬು, ಎರಡು ಟಯರ್ ಲಿವರು, ಚಿಕ್ಕ ಪಂಪು, ಪ್ಯಾಚು-ಸೊಲ್ಯೂಷನ್ ಜೊತೆಗಿರಲಿ. ಪಂಚರ್ ಹಾಕುವವರನ್ನು ಗಮನಿಸಿದರೆ ಪಾಠ ಅಲ್ಲೇ ಇದೆ. ನೀರಿನಲ್ಲಿ ಗುಳ್ಳೆ ನೋಡಿ ತೂತು ಗುರುತಿಸಿ, ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಕಾದು ಪ್ಯಾಚ್ ಒತ್ತುತ್ತಾರೆ. ಕಾಯದೆ ಒತ್ತಿದ ಪ್ಯಾಚು ನಿಲ್ಲದು. ಟ್ಯೂಬು ಒಳಗೆ ಹಾಕುವ ಮುನ್ನ ಟಯರಿನ ಒಳಮೈಯನ್ನು ಬೆರಳಲ್ಲಿ ಜೋಪಾನವಾಗಿ ಸವರುವುದನ್ನು ಅವರು ಎಂದೂ ಬಿಡುವುದಿಲ್ಲ. ಮುರಿದ ಮೊನೆ ಅಲ್ಲೇ ಉಳಿದರೆ ಹೊಸ ಟ್ಯೂಬೂ ಫರ್ಲಾಂಗು ದಾಟದು. ಗಾಳಿಯ ಒತ್ತಡದ ಅಂಕಿ ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ಆ ಮಿತಿಯೊಳಗೆ ತುಂಬಿಸಿ.

ಕೆಂಪು ಧೂಳು, ಕ್ವಾರಿ ಟಿಪ್ಪರುಗಳು ಎಬ್ಬಿಸುವ ಬಿಳಿ ಪುಡಿ, ಎರಡಕ್ಕೂ ಚೈನಿನ ಎಣ್ಣೆಯೆಂದರೆ ಅಂಟಿಕೊಳ್ಳುವ ಜಾಗ. ಎಣ್ಣೆ-ಧೂಳು ಬೆರೆತ ಕರಿಯ ಲೇಪ ಅರದ ಹಾಗೆ ಹಲ್ಲುಚಕ್ರವನ್ನು ತಿನ್ನುತ್ತದೆ. ಹಳೆ ಬಟ್ಟೆಯಲ್ಲಿ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದೇ ತೊಟ್ಟು ಚೈನ್ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಹೊರಗಿನದನ್ನೆಲ್ಲ ಮತ್ತೆ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದುದು ಕೊಂಡಿಯ ಒಳಗೆ, ಮೇಲಲ್ಲ. ಚೈನಿಗೆ ಗ್ರೀಸು ಬೇಡ, ಅಡುಗೆಮನೆಯ ಎಣ್ಣೆಯೂ ಬೇಡ.

ಮುಂಜಾನೆ ಗುಂಡ್ಲುಪೇಟೆಯಿಂದ ಪೂರ್ವಕ್ಕೆ ಹೊರಟರೆ ಎಳೆಬಿಸಿಲು ನೇರ ಕಣ್ಣಿಗೆ. ಹಿಂದಿನಿಂದ ಬರುವ ಚಾಲಕನ ಕಣ್ಣಿಗೂ ಅದೇ ಬಿಸಿಲು. ಅವನಿಗೆ ನೀವು ಕಾಣುವುದೇ ಅನುಮಾನ. ಹಾಗಾಗಿ ಹಗಲಲ್ಲೂ ಹಿಂದಿನ ದೀಪ ಉರಿಯಲಿ, ಅಂಗಿ ಎದ್ದು ಕಾಣುವ ಬಣ್ಣದ್ದಿರಲಿ. ಊಟಿ ಹೆದ್ದಾರಿಯದು ಬೇರೆ ಲೆಕ್ಕ. ಬಂಡೀಪುರದೊಳಗೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿಷೇಧವಿದೆ. ಆರಕ್ಕೆ ಗೇಟು ತೆರೆದಾಗ ಕಾದು ನಿಂತ ವಾಹನಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಆ ಹೊತ್ತಿನಲ್ಲಿ ಹೆದ್ದಾರಿ ಬಿಟ್ಟು ಒಳಗಿನ ಹಳ್ಳಿ ರಸ್ತೆ ಹಿಡಿಯುವುದೇ ಜಾಣತನ.

2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲ್‌ಗಿರಿಸ್’ ಸೈಕಲ್ ಯಾತ್ರೆಯ ಸವಾರರು ಗುಂಡ್ಲುಪೇಟೆ ದಾಟಿ ಬೆಟ್ಟದ ಕಡೆ ಹೋಗಿದ್ದನ್ನು ಕಂಡ ಹುಡುಗರಿಗೆ ತಾವೂ ಕಾಡು ದಾಟಬೇಕೆಂಬ ಆಸೆ ಸಹಜ. ಆದರೆ ಆ ಸವಾರರ ಹಿಂದೆ ಮುಂದೆ ರಕ್ಷಣೆಯ ವಾಹನಗಳಿದ್ದವು, ಆಯೋಜಕರಿದ್ದರು. ಒಬ್ಬರೇ ಸದ್ದಿಲ್ಲದೆ ಸಾಗುವ ಸೈಕಲ್ ಸವಾರ ತಿರುವಿನಲ್ಲಿ ಆನೆಗೆ ತೀರ ಹತ್ತಿರ ಬಂದುಬಿಡಬಹುದು. ಆದ್ದರಿಂದ ಮೇಲುಕಾಮನಹಳ್ಳಿ ಗೇಟಿನತ್ತ ಸೈಕಲ್ ಬೇಡ, ವಯನಾಡು ದಾರಿಯ ಮದ್ದೂರು ಚೆಕ್‌ಪೋಸ್ಟ್ ಕಡೆಗೂ ಬೇಡ. ಹಂಗಳದವರೆಗೆ ಹೋಗಿ ಬನ್ನಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋಗುವುದಾದರೆ ಚೆನ್ನಾಗಿ ಬೆಳಕು ಹರಿದ ಮೇಲೆ, ಜೊತೆಗಾರರೊಂದಿಗೆ ಹೊರಡಿ. ಬೆಳೆಗೆ ಬಂದ ಆನೆಗಳು ಕಾಡಿಗೆ ಮರಳುವುದು ನಸುಕಿನಲ್ಲಿ. ಬೆಟ್ಟದ ಬುಡದಿಂದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಚಕ್ರವನ್ನೂ ಫ್ರೇಮನ್ನೂ ಸೇರಿಸಿ ಕಟ್ಟುವಷ್ಟು ಉದ್ದದ ಬೀಗವೊಂದು ಚೀಲದಲ್ಲಿರಲಿ.